ದೊಡ್ಡಕ್ಕನ ಸುಳ್ಳು

ಸೊಸೆ ಬರೆದ ಕಾದಂಬರಿಯ ಕರಡಚ್ಚು ಬಂದಿತ್ತು, ನಾಳೆಯೇ ವಾಪಸು ಕಳಿಸಬೇಕು. ಅತ್ತೆಗೆ ಕಣ್ಣಿನ ಆಪರೇಷನ್ ಆಗಿದ್ದರಿಂದ ಅಡುಗೆಮನೆಯ ಮೇಜಿನ ಮುಂದೆ ಕೂತು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಕಥೆ ಅತ್ತೆ ಹುಟ್ಟಿದ ಓಣಿಯದೇ. ಅಲ್ಲಿನ ಜನಾಂಗದಲ್ಲಿ ಹುಟ್ಟಿದ್ದೇ ತಪ್ಪೆಂದು ಬಂದೂಕಿನವರು ಒಂದೇ ಬೆಳಗಿನಲ್ಲಿ ಇಡೀ ಓಣಿಯನ್ನು ಮುಗಿಸಿಹಾಕಿದ್ದರು. ಪೆಟ್ಟಿಗೆಯಲ್ಲಿ ಅಡಗಿದ್ದ ಪುಟ್ಟ ಹುಡುಗಿಯೊಬ್ಬಳು ಉಳಿದಳು, ಅವರೇ ಈ ಅತ್ತೆ. ಆ ಬೆಳಗಿನ ಬಗ್ಗೆ ಅವರು ಬಾಯಿ ಬಿಟ್ಟವರಲ್ಲ. ಹಾಗಾಗಿ ಸೊಸೆ ಗ್ರಂಥಾಲಯಗಳನ್ನೆಲ್ಲ ಜಾಲಾಡಿ, ಸಿಗದದ್ದನ್ನು ಊಹಿಸಿ ಬರೆದಿದ್ದಳು. ಅಬ್ಬಬ್ಬಾ, ಏನು ಗಾಂಭೀರ್ಯ ಅಂತೀರಿ!

"'ದೊಡ್ಡಕ್ಕ ಹುಟ್ಟಿದಂದಿನಿಂದ ಒಂದೂ ಸುಳ್ಳಾಡಿದವಳಲ್ಲ...'"

ಬಟಾಣಿ ಬಿಡಿಸುತ್ತಿದ್ದ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯಾರು, ನಮ್ಮಕ್ಕನಾ? ಬಾಯಿ ಬಿಟ್ರೆ ಬುರುಡೆ! ಓಣಿಗೆ ಹೊಸದಾಗಿ ಬಂದ ಟೈಲರ್‌ಗೆ ನಮ್ಮಪ್ಪ ಹಡಗಿನ ಕ್ಯಾಪ್ಟನ್ ಅಂದ್ಬಿಟ್ಟಿದ್ಳು. ಪಾಪ, ಛತ್ರಿ ರಿಪೇರಿ ಮಾಡೋ ಅಪ್ಪಂಗೆ ಅವನು ದಿನಾ ಸಲ್ಯೂಟ್ ಹೊಡೀತಿದ್ದ."

ಸೊಸೆಗೆ ಮೂಗಿನ ತುದಿಗೆ ಸಿಟ್ಟು ಬಂತು. "ಅತ್ತೆ, ಇದು ಹತ್ಯಾಕಾಂಡದ ಪುಸ್ತಕ. ಸತ್ತೋರ ಬಗ್ಗೆ ತಮಾಷೆ ಬೇಡ, ಓದೋರು ಅಳ್ಬೇಕು ಅಂತ ಪ್ರಕಾಶಕರು ಹೇಳಿದಾರೆ."

"ಅಳ್ಲಿ, ಬೇಡ ಅಂದವರ್ಯಾರು? ಯಾರಿಗೋಸ್ಕರ ಅಳ್ತಿದೀವಿ ಅಂತಾದ್ರೂ ಗೊತ್ತಾಗ್ಬೇಡ್ವಾ? ನಿನ್ ಓಣೀಲಿ ಬರೀ ದೇವತೆಗಳು, ಒಬ್ರೂ ಗೊರಕೆ ಹೊಡಿಯಲ್ಲ. ನಂಗೆ ನಮ್ಮಕ್ಕನ ಗುರುತೇ ಸಿಗ್ತಿಲ್ಲ ಕಣೆ. ಇದು ಅಚ್ಚಾಗ್ಬಿಟ್ರೆ ಇನ್ ಅವಳು ಎಲ್ಲಿ ಸಿಗ್ತಾಳೆ?"

ಸೊಸೆ ಪಟ್ಟು ಬಿಡಲಿಲ್ಲ. ಅತ್ತು ಅತ್ತು ಬರೆದ ಕೊನೆಯ ಅಧ್ಯಾಯವನ್ನೇ ತೆಗೆದಳು. "'ದೊಡ್ಡಕ್ಕ ತಂಗಿಯನ್ನು ಪೆಟ್ಟಿಗೆಯಲ್ಲಿ ಅಡಗಿಸಿ, ಹಣೆಗೆ ಮುತ್ತಿಟ್ಟು, ನೀನು ಬದುಕು, ಜಗತ್ತಿಗೆ ಸತ್ಯ ಸಾರು ಎಂದಳು.'"

"ಮುತ್ತೂ ಇಲ್ಲ, ಮಣ್ಣೂ ಇಲ್ಲ! ನನ್ ರಿಬ್ಬನ್ ಕದ್ದು ಕಟ್ಕೊಂಡು 'ನಿಂದಲ್ವೇ ಅಲ್ಲ' ಅಂದ್ಳು. ಸಿಟ್ಟಿಗೆ ನಾನೇ ಹೋಗಿ ಪೆಟ್ಟಿಗೇಲಿ ಕೂತೆ. ಹುಡುಕಿ ಸಾಯ್ಲಿ ಅಂತ."

ತಮ್ಮ ಮಾತಿಗೆ ತಾವೇ ಬೆಚ್ಚಿ ಅತ್ತೆ ಕೈಯಲ್ಲಿದ್ದ ಬಟಾಣಿಯನ್ನು ಕೆಳಗಿಟ್ಟರು.

"ಹುಡುಕಿದ್ಳು," ಎಂದರು ಆಮೇಲೆ. "ಮುಚ್ಚಳ ತೆಗೆದು ನಾಲಗೆ ಚಾಚಿ ಅಣಕಿಸಿದ್ಳು. ಅಷ್ಟರಲ್ಲಿ ಬಾಗಿಲು ಒದ್ದ ಸದ್ದು. ತಟ್ಟನೆ ಮುಚ್ಚಳ ಹಾಕಿ ಅದರ ಮೇಲೇ ಕೂತ್ಳು. ಒಳಗೆ ಇನ್ಯಾರಿದಾರೆ ಅಂತ ಕೇಳಿದ್ರು."

"ಅದಕ್ಕೆ ದೊಡ್ಡಕ್ಕ ಏನಂದ್ರು ಅತ್ತೆ?"

"'ಯಾರೂ ಇಲ್ಲ, ನಾನೊಬ್ಳೇ ಮಗಳು' ಅಂದ್ಳು. ಒಂಚೂರೂ ತಡವರಿಸ್ಲಿಲ್ಲ. ಬೇಕಾದ್ರೆ ನೋಡ್ಕೊಳ್ಳಿ ಅಂತಾನೂ ಅಂದ್ಳು, ಭಂಡಿ! ಅವರು ನಂಬಿ ಅವಳನ್ನ ಕರ್ಕೊಂಡು ಹೋದ್ರು."

ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡರು. ಡಾಕ್ಟರು ಕಣ್ಣು ಮುಟ್ಟಬೇಡಿ ಅಂದದ್ದು ಇಬ್ಬರಿಗೂ ನೆನಪಾಗಲಿಲ್ಲ.

"ಅಷ್ಟು ಸಲೀಸಾಗಿ ಸುಳ್ಳು ಹೇಳೋಕೆ ಹುಟ್ಟಿನಿಂದ ಅಭ್ಯಾಸ ಬೇಕು ಕಣೆ. ಅಲ್ಲಿ ನಿನ್ ಪುಸ್ತಕದ ಸತ್ಯವಂತೆ ಇದ್ದಿದ್ರೆ, ನಿಂಗೆ ಗಂಡ ಎಲ್ಲಿಂದ ಸಿಗ್ತಿದ್ದ?"