ಉತ್ತರದ ಗೋಡೆ

ಟಿಕ್ — ಕಲ್ಲಿಗೆ ಏನೋ ತಾಗಿದ ಸದ್ದು, ಇಲಿಯಲ್ಲ, ಇಲಿ ಇಷ್ಟು ನಿಧಾನಿಸುವುದಿಲ್ಲ, ಹೆಸ್ಟರ್ ಚರ್ಚಿನ ಬಾಗಿಲಲ್ಲೇ ನಿಂತಳು, ಶುಭ ಶುಕ್ರವಾರದ ಹಿಂದಿನ ದಿನ, ಪವಿತ್ರ ಗುರುವಾರದ ರಾತ್ರಿ, ಒಬ್ಬೊಬ್ಬರಾಗಿ ಸರದಿಯ ಮೇಲೆ ಪ್ರಾರ್ಥನೆಗೆ ಎಚ್ಚರ ಕೂರುವುದು ವಾಡಿಕೆ, ಅವಳ ಸರದಿ ಇನ್ನೂ ಬಂದಿಲ್ಲ, ಬೇಗ ಬರುವುದೇ ಅವಳ ರೋಗ, ಒಳಗಿರಬೇಕಾದವನು ಕ್ಲೈವ್, ಗೊರಕೆ ಹೊಡೆಯುತ್ತಿರಬಹುದು — ಮೇಲೆ ನೋಡಿದಳು, ಪ್ರತಿ ಸಲವೂ ಮೊದಲು ಮೇಲೆಯೇ ನೋಡುವುದು, ಮಗುಚಿಟ್ಟ ದೋಣಿಯಂಥ ಮರದ ಚಾವಣಿ, ಹಿಮವೇ ಬೀಳದ ಊರಿಗೆ ಹಿಮ ಜಾರಲೆಂದು ಕಡಿದಾಗಿ ಕಟ್ಟಿದ್ದು, ಇಂಗ್ಲೆಂಡಿನಿಂದ ಬಂದ ನಕ್ಷೆಯನ್ನು ಯಾರೂ ತಿರುಗಿಸಿ ನೋಡಲಿಲ್ಲ, ಅಲ್ಲಿ ಸೂರ್ಯ ದಕ್ಷಿಣಕ್ಕೆ, ಇಲ್ಲಿ ತಾಸ್ಮೇನಿಯದಲ್ಲಿ ಉತ್ತರಕ್ಕೆ, ದೊಡ್ಡ ಕಿಟಕಿಗಳೆಲ್ಲ ಚಳಿಯ ಕಡೆ ಹೋದವು, ಬಿಸಿಲಿನ ಕಡೆಯ ಉತ್ತರದ ಗೋಡೆಗೆ ಅಂಗೈ ಅಗಲದ ಸೀಳುಗಂಡಿಗಳು, ಆದರೆ ಗಡೀಪಾರಾಗಿ ಬಂದು ಇಲ್ಲಿ ಕಲ್ಲು ಕಡಿದ ಕೈದಿಗಳಿಗೆ ಗೊತ್ತಿತ್ತು, ಇಲ್ಲಿಯ ಬಿಸಿಲಲ್ಲಿ ಬೆಂದ ಬೆನ್ನುಗಳಲ್ಲವೇ, ಹೊರಗೆ ನಕ್ಷೆಯಂತೆಯೇ ಬಿಟ್ಟು, ಒಳಗೆ ಗೋಡೆಯ ದಪ್ಪದಲ್ಲಿ ಗಂಡಿಯನ್ನು ಅಗಲಿಸುತ್ತ ಅಗಲಿಸುತ್ತ ತೋಳು ಚಾಚುವಷ್ಟು ಮಾಡಿ, ಬೆಳಕು ಜಾರಿ ಬರಲೆಂದು ಕೆಳಗಿನ ಕಲ್ಲನ್ನು ಇಳಿಜಾರಾಗಿ ಕೆತ್ತಿ — ಎಂಥ ಕೈಗಳು, ಉಳಿಯ ಗೆರೆಗಳು ಉತ್ತ ಹೊಲದ ಹಾಗೆ — ಆ ಗೋಡೆ ಒಡೆದು ದೊಡ್ಡ ಗಾಜು ಹಾಕಿಸಬೇಕೆಂದು ಹಠ ಹಿಡಿದಿರುವವನೇ ಕ್ಲೈವ್, ಅವಳ ಜೊತೆಗೇ ಶಾಲೆ ಕಲಿತವನು, ಈಸ್ಟರ್ ಹಬ್ಬ ಕಳೆದ ಮೇಲೆ ಅದನ್ನು ಊರಿನವರ ಮತಕ್ಕೆ ಹಾಕುತ್ತಾರೆ, ಊರು ಸರಿಯಾಗಿ ಎರಡು ಪಾಲು, ಗೋಡೆ ಉಳಿಯಲಿ ಎನ್ನುವವರಲ್ಲಿ ಅವಳೇ ಮುಂದೆ, ಚಹಾ ಕುಡಿಯುವಾಗ ಎಲ್ಲರೆದುರೇ ಅವನು ಕೆಣಕುತ್ತಾನೆ, ಏನ್ ಹೆಸ್ಟರ್, ನಿನ್ ಗುಹೇಲಿ ಬಾವಲಿಗಳು ಚೆನ್ನಾಗಿದಾವಾ, ಅವಳೂ ಬಿಟ್ಟಿಲ್ಲ, ಮೊದ್ಲು ನಿನ್ ಬಾಯಿ ಮುಚ್ಚೋ, ಚಳಿಗಾಳಿ ಬರೋದೇ ಅಲ್ಲಿಂದ —

ಟಿಕ್ — ಈಗ ಕಂಡಿತು, ಉಂಗುರ, ಕ್ಲೈವನ ಉಂಗುರ ಕಲ್ಲಿಗೆ ತಾಗುತ್ತಿದೆ, ಗಂಡಿಯಿಂದ ಇಳಿದ ಬೆಳದಿಂಗಳಲ್ಲಿ ಅವನ ಕೈ, ಹಸುವಿನ ಕೊರಳು ಸವರುವಂತೆ ಗೋಡೆಯನ್ನು ಸವರುವ ಕೈ, ತಪ್ಪು ತಿಳ್ಕೋಬೇಡ ಕಣಪ್ಪಾ, ಗೋಡೆಗೇ ಹೇಳುತ್ತಿದ್ದಾನೆ, ನಿನ್ನಂಥದ್ದು ಇನ್ನೊಂದಿಲ್ಲ, ನಂಗೊತ್ತು, ಆದ್ರೆ ಈ ಚಳಿಗೆ ಜನಾನೇ ಬರ್ತಿಲ್ಲ, ಹಿಂಗೇ ಆದ್ರೆ ಚರ್ಚಿಗೆ ಬಾಗ್ಲೇ ಹಾಕ್ಬಿಡ್ತಾರೆ, ಏನ್ ಮಾಡ್ಲಿ ಹೇಳು — ಅವಳು ಹಿಂದೆ ಸರಿದಳು, ಬಾಗಿಲಾಚೆ, ಉಸಿರು ಬಿಗಿಹಿಡಿದು, ಇದೊಂದು ಸಂಗತಿ ಚಹಾದ ಮೇಜಿಗೆ ಹೋದರೆ ಸಾಕು, ಗೋಡೆಯ ಜೊತೆ ಮಾತಾಡುವ ಕ್ಲೈವ್, ಊರು ನಕ್ಕೂ ನಕ್ಕೂ ಅವನನ್ನು ಮೂಲೆಗೆ ಕೂರಿಸುತ್ತದೆ, ಮತ ಕೇಳಲು ಅವನು ತಲೆಯೆತ್ತಲಾರ, ಗೋಡೆ ಉಳಿಯುತ್ತದೆ, ಇದೇ ಗೋಡೆ, ಇವೇ ಗೆರೆಗಳು, ಹೇಳಲು ಒಂದು ನಿಮಿಷವೂ ಬೇಡ — ಇಲ್ಲ, ಯಾರಿಗೂ ಹೇಳುವುದಿಲ್ಲ, ಗೋಡೆ ಹೋದರೂ ಹೇಳುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಕೆಮ್ಮುತ್ತ ಬಂದರಾಯಿತು, ಎದ್ದಿದೀಯೇನೋ ಎಂದರಾಯಿತು, ಆ ಕೈ, ಬೆಳದಿಂಗಳಲ್ಲಿ ಆ ಕೈ, ಕಲ್ಲಿನ ಮೇಲೆ, ಆ ಕೈ —