ಹಾಲಿಗೆ ಕೊಂಬು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ಫೋನಿನದಲ್ಲ, ನನ್ನ ಹೆಬ್ಬೆರಳಿನದು. ಅದು ಬಾಯಷ್ಟೇ ಜೋರು. ತಲೆ ಮಾತ್ರ ಬಸ್ಸು ತಪ್ಪಿಸಿಕೊಂಡವರ ಹಾಗೆ ಎರಡರ ಹಿಂದೆ ಏದುಸಿರು ಬಿಡುತ್ತ ಓಡಿ ಬರುತ್ತದೆ.

ಮುತ್ತಿನಕೊಪ್ಪದಲ್ಲಿ ಬೆಳಕಿಂಡಿ ಸೇವಾ ಟ್ರಸ್ಟಿನ ಕಟ್ಟಡವಿದೆ. ಮುಂದಿನ ಕೋಣೆಯಲ್ಲಿ ಒಂದೇ ಪೇಪರಿಗೆ ಕಿತ್ತಾಡುವ ಹಿರಿಯರು, ಪಕ್ಕದ ಕೋಣೆಯಲ್ಲಿ ಗುರುವಾರ ಬಿ.ಪಿ. ನೋಡುವ ನರ್ಸ್, ಹಿಂದೆ ದೊಡ್ಡ ಹಾಲ್. ಅಲ್ಲಿ ಪ್ರೇಮಕ್ಕ ವಾರಕ್ಕೆ ಮೂರು ದಿನ ಹೆಂಗಸರಿಗೆ ಹೊಲಿಗೆ ಕಲಿಸುತ್ತಾರೆ. ಉಳಿದ ನಾಲ್ಕು ದಿನ ಹಲ್ಲಿಗಳ ಸಭೆ. ನಾನು, ವೀರೇಶ್, ಟ್ರಸ್ಟಿನ ‘ಸಂಚಾಲಕ’. ಹಾಗೊಂದು ಹುದ್ದೆ ಇರಲಿಲ್ಲ. ನಾನೇ ಸೃಷ್ಟಿಸಿ, ನಾನೇ ಅರ್ಜಿ ಹಾಕಿ, ಅವಿರೋಧವಾಗಿ ಆಯ್ಕೆಯಾದೆ.

ಒಂದು ಬುಧವಾರ ಅಧ್ಯಕ್ಷರಾದ ಪರಮಶಿವಯ್ಯನವರು ಕರೆದು ಹೇಳಿದರು: “ನೋಡು ವೀರೇಶ, ಅಷ್ಟು ದೊಡ್ಡ ಜಾಗ ಖಾಲಿ ಇಡಕ್ಕಾಗಲ್ಲ. ಅಡಿಕೆ ವ್ಯಾಪಾರದೋರು ಗೋಡೌನಿಗೆ ಕೇಳ್ತಿದಾರೆ. ಭಾನುವಾರದೊಳಗೆ ಇನ್ನೂ ನಾಲ್ಕು ಗುಂಪು ಜಾಗ ಬಳಸ್ತೀವಿ ಅಂತ ಪುಸ್ತಕದಲ್ಲಿ ಹೆಸರು ಬರೀಲಿ. ಇಲ್ದಿದ್ರೆ ಅವರಿಗೆ ಕೊಡೋದೇ.”

“ನನ್ನ ಹೆಣ್ಮಕ್ಕಳು ಎಲ್ಲಿಗೆ ಹೋಗ್ಬೇಕು ಸಾರ್?” ಎಂದರು ಪಕ್ಕದಲ್ಲೇ ಇದ್ದ ಪ್ರೇಮಕ್ಕ. ಹನ್ನೊಂದು ಜನ, ಆರು ಮೆಷಿನ್ನು. ಅವರ ಮನೆಯ ಜಗಲಿಯಲ್ಲಿ ಹಿಡಿಸುವುದು ಒಂದು ಮೆಷಿನ್ನು, ಒಂದು ನಾಯಿ.

“ನಾನಿದೀನಲ್ಲ ಪ್ರೇಮಕ್ಕ” ಎಂದೆ.

ಅವರ ಮುಖ ಇನ್ನಷ್ಟು ಸಪ್ಪಗಾಯಿತು.

ಬಸ್ ಸ್ಟ್ಯಾಂಡಿಗೆ ನಡೆಯುತ್ತಲೇ ಊರಿನ ಗ್ರೂಪಿಗೆ ಟೈಪ್ ಮಾಡಿದೆ: “ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬೆಳಕಿಂಡಿ ಕಟ್ಟಡಕ್ಕೆ ಬನ್ನಿ. ಹಾಲು ಫ್ರೀ ಇದೆ. ಮೊದಲು ಬಂದವರಿಗೆ ಮೊದಲು.” ಕಳಿಸಿದೆ. ಕಳಿಸಿದ್ದನ್ನು ಇನ್ನೊಮ್ಮೆ ಓದುವ ಅಭ್ಯಾಸ ನನ್ನ ವಂಶದಲ್ಲೇ ಇಲ್ಲ.

ಭಾನುವಾರ ಒಂಬತ್ತೂವರೆಗೇ ಗೇಟಿನ ಮುಂದೆ ನಲವತ್ತು ಜನ! ನನ್ನ ಕಣ್ಣು ತುಂಬಿ ಬಂತು. ನಾಯಕತ್ವ ಎಂದರೆ ಇದೇ ಎಂದುಕೊಂಡು ಸೆಲ್ಫಿ ತೆಗೆದೆ. ಸೆಲ್ಫಿಯಲ್ಲಿ ನನ್ನ ಹಲ್ಲಿನ ಹಿಂದೆ ಕ್ಯಾನು, ತಂಬಿಗೆ, ಒಂದು ಕುಕ್ಕರ್ ಕೂಡ ಕಂಡವು.

ಕಡಹಿನಬೈಲಿನ ಜಲಜಮ್ಮ ಮುಂದೆ ಬಂದರು. “ಎಂತ ಮಾರಾಯ, ಬೇಗ ಅಳೆದು ಕೊಡು. ನಂಗೆ ಬಸ್ಸಿದೆ.”

“ಏನ್ ಅಳೀಬೇಕು ಜಲಜಮ್ಮ?”

“ಹಾಲು!”

“ಅದನ್ನ ಆಗ್ಲೇ ಅಳೆದಾಗಿದೆ. ನಲವತ್ತಡಿ ಉದ್ದ ಇದೆ.”

“ನಲವತ್ತಡಿ ಹಾಲಾ? ಈ ಮಾಣಿಗೆ ಎಂತಾಗಿದೆ?”

ಪ್ರೇಮಕ್ಕ ಫೋನು ತೆಗೆದು ನನ್ನ ಮೆಸೇಜನ್ನು ಓದಿದರು. ಹಣೆ ಚಚ್ಚಿಕೊಂಡರು. “ಅಯ್ಯೋ ವೀರೇಶ, ‘ಹಾಲ್’ಗೆ ಕೊಂಬು ಕೊಟ್ಟು ಹಸು ಮಾಡಿಟ್ಟಿದೀಯಲ್ಲೋ!”

ನಾನು ವಿವರಣೆ ಶುರು ಮಾಡಿದೆ. “ಭಾಷಣ ಆಮೇಲೆ. ಡೈರಿಗೆ ಓಡು!” ಎಂದು ಪ್ರೇಮಕ್ಕ ನನ್ನನ್ನು ಅಟ್ಟಿ, ಬಂದವರನ್ನು ಹಾಲಿನೊಳಗೆ ಕೂರಿಸಿದರು.

ನಾನು ಹಾಲಿನ ಪ್ಯಾಕೆಟ್ಟುಗಳ ಚೀಲ ಹೊತ್ತು ಬರುವಷ್ಟರಲ್ಲಿ ಒಳಗೆ ಸಂತೆ. ಯಾರೋ ಮೆಷಿನ್ನು ತುಳಿಯುತ್ತಿದ್ದರು. ಸ್ವಸಹಾಯ ಸಂಘದ ಪುಟ್ಟಕ್ಕ ಗೋಡೆಯಿಂದ ಗೋಡೆಗೆ ನಡೆದು ನೋಡುತ್ತಿದ್ದರು. “ಇಷ್ಟು ಜಾಗ ಇಟ್ಕೊಂಡು ನಾವು ಮೀಟಿಂಗಿಗೆ ಅವರಿವರ ಜಗಲಿ ಕಾಯ್ತಿದೀವಲ್ಲೇ! ತಾ ಪುಸ್ತಕ, ನಮ್ಮ ಹೆಸರು ಬರಿ.” ಜಲಜಮ್ಮ ಭಜನೆಗೆ ಬರೆಸಿದರು. ಸೋಮನಾಥ್ ಮಾಸ್ತರು ಮಕ್ಕಳ ಚೆಂಡೆ ಪಾಠಕ್ಕೆ ಬರೆಸಿದರು, “ಮನೇಲಿ ಹೊಡೆದ್ರೆ ಹೆಂಡ್ತಿ ತಿರುಗಿ ಹೊಡೀತಾಳೆ” ಎನ್ನುತ್ತ.

ಅಷ್ಟರಲ್ಲಿ ಪರಮಶಿವಯ್ಯನವರು ಬಾಗಿಲಲ್ಲಿ ನಿಂತರು. “ಇಷ್ಟು ಜನ ಎಂತಕ್ಕೆ?”

“ಹಾಲಿಗೆ ಬಂದೋರು ಸಾರ್” ಎಂದರು ಪ್ರೇಮಕ್ಕ. ಎರಡು ಲೆಕ್ಕದಲ್ಲೂ ಸತ್ಯ.

ಅಧ್ಯಕ್ಷರು ಎಡಗೈಯಲ್ಲೇ ಪುಸ್ತಕ ತಿರುವಿದರು. “ಮೂರು ಗುಂಪು. ನಾನು ಹೇಳಿದ್ದು ನಾಲ್ಕು.”

ಪ್ರೇಮಕ್ಕ ಮೆಷಿನ್ನುಗಳಿಗೆ ಮುಸುಕು ಹಾಕತೊಡಗಿದರು. ನನ್ನ ಬಾಯಿ ಮೊದಲ ಸಲ ಬಂದ್ ಆಯಿತು. ಮಾಡಲು ಬೇರೆ ಕೆಲಸವಿಲ್ಲದ ಕಣ್ಣು ಅಧ್ಯಕ್ಷರ ಬಲಗೈ ಹುಡುಕಿತು. ಅದು ಬೆನ್ನ ಹಿಂದಿತ್ತು. ಕೈಯಲ್ಲಿ ಎರಡು ಲೀಟರಿನ ಸ್ಟೀಲ್ ಕ್ಯಾನು.

“ಸಾರ್, ನೀವೂ ಹಾಲಿಗೇ ಬಂದ್ರಾ?”

“ಮೊಮ್ಮಗಳು ಓದಿ ಹೇಳಿದ್ಲಪ್ಪ...” ಅವರ ಕಿವಿ ಕೆಂಪಾಯಿತು. ಹಾಲ್ ಹಾರಿಹೋಗುವಂಥ ನಗು.

ಪ್ರೇಮಕ್ಕ ಪೆನ್ನು ಹಿಡಿದುಕೊಂಡು ಅವರ ಹತ್ತಿರ ಹೋದರು. “ಹಾಲಿಗೆ ಬಂದೋರು ಹೆಸರು ಬರೀಲೇಬೇಕು ಸಾರ್. ಮುಂದಿನ ಕೋಣೇಲಿ ಕೇರಂ ಬೋರ್ಡ್ ಇಡಕ್ಕೆ ಜಾಗ ಇಲ್ಲ ಅಂತ ವರ್ಷದಿಂದ ಹೇಳ್ತಿದೀರಲ್ಲ?”

ಪರಮಶಿವಯ್ಯನವರು ನನ್ನನ್ನೊಮ್ಮೆ ಗುರಾಯಿಸಿ, ಕ್ಯಾನು ಕೆಳಗಿಟ್ಟು, ಬರೆದರು: ನಾಲ್ಕು, ಹಿರಿಯರ ಕೇರಂ, ಶನಿವಾರ ಸಂಜೆ.

ಪ್ರೇಮಕ್ಕ ಮುಸುಕು ತೆಗೆದರು. ಅವರಿಗೆ ಹಾಲ್ ಉಳಿಯಿತು, ಉಳಿದವರಿಗೆ ತಲಾ ಒಂದು ಲೋಟ ಹಾಲು ಸಿಕ್ಕಿತು.

ಈಗ ನನ್ನ ಮೆಸೇಜುಗಳನ್ನು ಮೊದಲು ಪ್ರೇಮಕ್ಕ ಓದಬೇಕೆಂದು ಟ್ರಸ್ಟು ನಿರ್ಣಯ ಮಾಡಿದೆ. ಮೊನ್ನೆ ಅವರಿರಲಿಲ್ಲ, ಅವಸರವಿತ್ತು, ನಾನೇ ಕಳಿಸಿದೆ: “ಮಂಗಳವಾರ ಹಾಲು ಫ್ರೀ ಇಲ್ಲ.”

ಅರ್ಧ ನಿಮಿಷದಲ್ಲಿ ಜಲಜಮ್ಮನ ಉತ್ತರ ಬಂತು: “ಮೊಸರಾದ್ರೂ ಇದ್ಯಾ ಮಾರಾಯ?”