ರೇವಣಸಿದ್ದನ ಬಲಗೈ

ಮಾರ್ಚ್ ತಿಂಗಳ ಒಂದು ಭಾನುವಾರ ಮಹಾದೇವಿ ಗಂಡ ರೇವಣಸಿದ್ದನನ್ನು ಕುಂದಲಹಳ್ಳಿಯ ಅಪಾರ್ಟ್‌ಮೆಂಟಿನ ತಾರಸಿಗೆ ಕರೆದೊಯ್ದಳು. ಅವಳು ಮನೆಗೆಲಸಕ್ಕೆ ಹೋಗುತ್ತಿದ್ದ ಹೇಮಲತಾ ಮೇಡಂ ಅಲ್ಲಿ ಕ್ಯಾಮೆರಾ ಇಲ್ಲದೆ, ಬಿಸಿಲಿನಲ್ಲೇ ಚಿತ್ರ ತೆಗೆಯುತ್ತಿದ್ದರು. ಕಬ್ಬಿಣದ ಲವಣ ಸವರಿ ಕತ್ತಲಲ್ಲಿ ಒಣಗಿಸಿದ ಕಾಗದದ ಮೇಲೆ ಏನಾದರೂ ಇಟ್ಟು, ಹತ್ತು ನಿಮಿಷ ಬಿಸಿಲು ಕೊಟ್ಟು ತೊಳೆದರೆ ನೆರಳು ಬಿದ್ದ ಕಡೆ ಬಿಳಿ, ಉಳಿದದ್ದೆಲ್ಲ ನೀಲಿ. ದುಡಿಯುವವರ ಕೈಗಳ ಪ್ರದರ್ಶನ ಮಾಡುವುದು ಮೇಡಂ ಆಸೆ.

ರೇವಣಸಿದ್ದ ದೊಡ್ಡನೆಕ್ಕುಂದಿಯ ಶೆಡ್ಡೊಂದರಲ್ಲಿ ತಗಡು ಕತ್ತರಿಸುವ ಪ್ರೆಸ್ ನಡೆಸುತ್ತಿದ್ದ. ಬಲಗೈ ಅಲುಗಿಸದೆ ಎರಡು ಅಚ್ಚು ಕೊಟ್ಟ. ಒಂದು ಮೇಡಂಗೆ. ಇನ್ನೊಂದನ್ನು ತೊಳೆಯುವ ಮೊದಲೇ ಕಪ್ಪು ಕವರಿನಲ್ಲಿ ಸುತ್ತಿ ಮಹಾದೇವಿ ಬಾಡಿಗೆ ಕೋಣೆಗೆ ಒಯ್ದಳು. ಟ್ಯಾಂಕರಿನ ಗಡುಸು ನೀರಿಗೆ ಬಟ್ಟೆ ಸೋಡಾ ಹಾಕದೆ ಅವಳು ಏನನ್ನೂ ತೊಳೆದವಳಲ್ಲ. ಇದಕ್ಕೂ ಹಾಕಿ ಸಂಜೆಯವರೆಗೆ ನೆನೆಯಿಟ್ಟಳು. ಉಳಿದದ್ದು ತೆಳು ಹಳದಿ ಕಾಗದ. ಸೋಡಾ ತಾಗಿದರೆ ನೀಲಿ ನಿಲ್ಲುವುದಿಲ್ಲ ಎಂದು ಮೇಡಂ ನಕ್ಕರು. ಕೈ ಎಲ್ಲಿಗೂ ಹೋಗುವುದಿಲ್ಲವಲ್ಲ ಎಂದು ಮಹಾದೇವಿಯೂ ನಕ್ಕಳು.

ಏಪ್ರಿಲ್ ಹದಿನೇಳರಂದು ಪ್ರೆಸ್ಸಿಗೆ ಸಿಕ್ಕಿ ಅವನ ಬಲಗೈಯ ತೋರುಬೆರಳು, ನಡುಬೆರಳು ಹೋದವು. ಕೆಲಸ ಬೇಗ ಸಾಗಲೆಂದು ಕೈ ಒಳಗೆ ಹೋಗದಂತೆ ಯಂತ್ರದ ಮುಂದಿದ್ದ ಜಾಲರಿಯನ್ನು ಮೊದಲೇ ಕಳಚಿಟ್ಟಿದ್ದರು.

ಆಸ್ಪತ್ರೆಯಿಂದ ಬಂದವನು ಕೇಳಿದ್ದು ಮೇಡಂ ಹತ್ತಿರವಿದ್ದ ಅಚ್ಚನ್ನು. ಫೋನಿನಲ್ಲಿ ಫೋಟೋಗಳಿಗೇನೂ ಕಡಿಮೆ ಇರಲಿಲ್ಲ. ಆದರೆ ಅವನಿಗೆ ಮೇಲೆ ಕೈಯಿಟ್ಟು ನೋಡಲು ಕೈಯಷ್ಟೇ ದೊಡ್ಡದು ಬೇಕಿತ್ತು.

ಮಹಾದೇವಿ ಹೋಗಿ ಕೇಳಿದಳು. ಮೇಡಂ ಕಣ್ಣೊರೆಸಿಕೊಂಡರು. ಗೋಡೆಯ ಮೇಲಿನ ಅಚ್ಚನ್ನು ನೋಡಿ, "ಗಾಯ ಮಾಗಿದ್ಮೇಲೆ ಇನ್ನೊಂದ್ಸಲ ಕರ್ಕೊಂಡ್ ಬಾ. ಎರಡೂ ಪಕ್ಕಪಕ್ಕ ಹಾಕೋಣ. ಶೋ ಮುಗಿದ್ಮೇಲೆ ಮೊದಲನೇದು ನಿಮ್ಗೇ," ಎಂದರು.

"ಖರೇನಾ ಮೇಡಂ?"

"ಪ್ರಾಮಿಸ್ ಕಣೇ."

ರೇವಣಸಿದ್ದ ಒಪ್ಪಿದ. "ನಡಿ, ಈ ಸಲ ಎರಡು ಬೆರಳಿನ ಕೆಲಸ ಕಮ್ಮಿ," ಎಂದ. ಮಹಾದೇವಿಗೆ ನಗಲಾಗಲಿಲ್ಲ.

ಜೂನ್ ತಿಂಗಳ ಮೋಡಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು. ಮೇಡಂ ಮನೆಯ ಫಿಲ್ಟರ್ ನೀರಿನಲ್ಲಿ ಮಹಾದೇವಿಯೇ ತೊಳೆದಳು. ಬೆರಳಿಲ್ಲದ ಜಾಗ ಸುತ್ತಲಿನಂತೆಯೇ ಗಾಢ ನೀಲಿಯಾಯಿತು. ತುಂಬಾ ಚೆನ್ನಾಗಿ ಬಂದಿದೆ ಎಂದು ಮೇಡಂ ಹೇಳಿದರು.

ಪ್ರದರ್ಶನ ನಾಲ್ಕು ದಿನ ನಡೆಯಿತು. ಐದನೆಯ ದಿನ ಮಹಾದೇವಿ ಅಚ್ಚು ಕೇಳಿದಾಗ, ಒಂದು ಕಂಪನಿಯವರು ಎರಡನ್ನೂ ತಮ್ಮ ಕಚೇರಿಯ ಲಾಬಿಯಲ್ಲಿ ತೂಗುಹಾಕಲು ಕೊಂಡರೆಂದು ತಿಳಿಯಿತು.

"ಜೋಡಿ ಒಡೆದ್ರೆ ಅದಕ್ಕೆ ಅರ್ಥವೇ ಇರಲ್ಲ ಕಣೇ. ಫೋಟೋ ತೆಗೆದಿಟ್ಟಿದೀನಿ, ವಾಟ್ಸಾಪ್ ಮಾಡ್ತೀನಿ," ಎಂದರು ಮೇಡಂ.

ಕೋಣೆಯಲ್ಲಿ ರೇವಣಸಿದ್ದ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ಚಿತ್ರ ಹಿಗ್ಗಿಸಿದ. ಅದು ನಿಜವಾದ ಕೈಯಷ್ಟು ದೊಡ್ಡದಾಗುವ ಹೊತ್ತಿಗೆ ಪರದೆಯಲ್ಲಿ ಎರಡು ಬೆರಳಿಗಷ್ಟೇ ಜಾಗವಿತ್ತು. ಫೋನನ್ನು ಬೋರಲು ಹಾಕಿದ.

"ಆ ಮನಿ ಕೆಲಸ ಬಿಡು," ಎಂದ.

ಕೋಣೆಗೆ ಈಗ ಬರುತ್ತಿದ್ದದ್ದು ಮಹಾದೇವಿಯ ಸಂಬಳವೊಂದೇ. ಮರುದಿನ ಏಳೂವರೆಗೆ ಅವಳು ಮೇಡಂ ಮನೆಯ ಗಂಟೆ ಒತ್ತಿದಳು.